ಚಿಗವ್ವನ ನಂಜು

ಮೊನ್ನೆ ಹಲ್ಲುನೋವಿಗೆಂದು ಲವಂಗದ ಎಣ್ಣೆಯ ಬಾಟಲಿ ತೆರೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಹೂವಿನ ಹಿಪ್ಪರಗಿಯ ನಮ್ಮ ಪಕ್ಕದ ಮನೆಯ ಚಿಗವ್ವ ನೆನಪಾದಳು. ಅದೇ ಎಣ್ಣೆಯ ಹತ್ತಿಯನ್ನು ದವಡೆಗೆ ಒತ್ತಿಕೊಂಡು ನನ್ನೆದುರು ಕೂತಿದ್ದಳು... ಹತ್ತು ವರ್ಷದ ಮೇಲಾಯಿತು.

ನೆಂಟಳಲ್ಲ, ಓಣಿಗೆಲ್ಲ ಚಿಗವ್ವ. ಮದುವೆ ಮನೆಗೆ ರೊಟ್ಟಿ ಬಡಿಯಲು ಅವಳೇ ಬೇಕು. ಬಡಿದ ಮರುದಿನ ಅಂಗೈ ಬಾತು ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಒಮ್ಮೊಮ್ಮೆ ತುಟಿಯೂ ಬಾಯುತ್ತಿತ್ತು. ತುರಿಕೆ ಇಲ್ಲ, ಜ್ವರ ಇಲ್ಲ, ಮೂರು ದಿನಕ್ಕೆ ತಾನೇ ಇಳಿಯುತ್ತಿತ್ತು. ನಂಜು ಎಂದು ಓಣಿಯವರು ಬದನೆಕಾಯಿ ಬಿಡಿಸಿದರು, ಶೇಂಗಾ ಬಿಡಿಸಿದರು. ಅದರಲ್ಲಿ ನಾನೇ ಮುಂದು. ಎಣ್ಣೆಗಾಯಿ ಎಂದರೆ ಜೀವ ಬಿಡುತ್ತಿದ್ದವಳು ವರ್ಷಗಟ್ಟಲೆ ಬರೀ ಬೇಳೆಕಟ್ಟಿನಲ್ಲಿ ರೊಟ್ಟಿ ಅದ್ದಿ ತಿಂದಳು. ಬಾವು ಮಾತ್ರ ಬಿಡಲಿಲ್ಲ.

ಬಾಗೇವಾಡಿಗೆ ಕರೆದೊಯ್ದು ಅವಳ ಆ ನೋವಿನ ಹಲ್ಲು ಕೀಳಿಸಿ ಕರೆತಂದವಳೂ ನಾನೇ. ಮರುದಿನ ಬೆಳಿಗ್ಗೆ ಅವಳ ಕೆನ್ನೆ ಬಾತಿತ್ತು, ದನಿ ಗೊಗ್ಗರಾಗಿತ್ತು.

"ಉಗುಳ ನುಂಗಾಕ ಆಗವಲ್ದವಾ. ದವಾಖಾನಿಗೆ ಹೋಗೂಣೇನ?" ಅಂದಳು.

"ನಿನ್ನ ಹಳೇ ನಂಜ ಚಿಗವ್ವಾ. ಸಂಜಿಗೆ ಇಳಿತೈತಿ, ಸುಮ್ಮ ಮಲ್ಕೊ."

ನನ್ನ ಮಾತೆಂದರೆ ಅವಳಿಗೆ ವೇದವಾಕ್ಯ. ಮಲಗಿದಳು. ಮಧ್ಯಾಹ್ನಕ್ಕೆ ಗಂಟಲು ಮುಚ್ಚಿತು. ಜೀಪು ಊರ ಅಗಸಿಬಾಗಿಲು ದಾಟುವುದರೊಳಗೆ ಎಲ್ಲ ಮುಗಿದಿತ್ತು.

ಹೋದ ವರ್ಷ ಅವಳ ಮಗಳ ಕೈಯೂ ಬಾತಿತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ವಿಜಯಪುರಕ್ಕೆ ಕರೆದೊಯ್ದೆ. ರಕ್ತದ ವರದಿ ನೋಡಿ ಡಾಕ್ಟರು ಹೇಳಿದರು: "ರಕ್ತದಾಗ ಕಾಂಪ್ಲಿಮೆಂಟ್ ಅನ್ನೂ ಪ್ರೋಟೀನ್ ಇರ್ತಾವ್ರಿ. ರೋಗಾಣು ಒಳಗ ಬಂದ್ರ ಮೊದಲ ಮೈಮ್ಯಾಗ ಬೀಳೂವು ಅವ. ಅವನ್ನ ತಡದು ಹಿಡಿಯೂ ಇನ್ನೊಂದು ಪ್ರೋಟೀನ್ ಈಕಿಗೆ ಹುಟ್ಟಾ ಕಡಿಮಿ ಐತಿ. ರಕ್ತನಾಳದಿಂದ ನೀರು ಸೋರದಂಗ ಕಾಯೂದೂ ಅದ. ಹಿಂಗಾಗಿ ಒತ್ತಿದಲ್ಲೆ, ಪೆಟ್ಟು ಬಿದ್ದಲ್ಲೆ ಬಾವು ಬರ್ತೈತಿ. ಹಲ್ಲು ಕಿತ್ರ ಗಂಟಲಾ ಬಾಯಬಹುದು. ತಾಯಿಗೂ ಇದ ಇದ್ದೀತು."

"ಹಂಗಾದ್ರ ಬದನಿಕಾಯಿ...?"

"ಅದೇನ್ ಮಾಡ್ತೈತ್ರಿ ಪಾಪ. ಉಣ್ಣೂದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಗಂಟಲು ಬಾತಾಗ ಕೊಡುವ ಇಂಜೆಕ್ಷನ್ ನಮ್ಮ ಕಡೆ ಸಿಗುವುದಿಲ್ಲವಂತೆ. ಬಾತ ಕೂಡಲೇ ದೊಡ್ಡ ದವಾಖಾನೆಗೆ ಓಡಿ ಬನ್ನಿ ಎಂದರು. ಹಿಪ್ಪರಗಿಯಿಂದ ಎಷ್ಟು ಓಡಿದರೆ ಮುಟ್ಟೀತು...

ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು: "ಅಕ್ಕಾ, ಅವ್ವ ಅವತ್ತ ದವಾಖಾನಿಗೆ ಹೋಗೂಣು ಅನ್ನಲಿಲ್ಲೇನ?"

"ಇಲ್ಲವಾ," ಅಂದೆ. "ಅನ್ನಲಿಲ್ಲ."

ಆಮೇಲೆ ಅವಳು ಆ ಮಾತು ಎತ್ತಿಲ್ಲ. ಈಗಲೂ ಕೈ ಬಾತರೆ ಮೊದಲು ನನ್ನ ಹತ್ತಿರವೇ ಬರುತ್ತಾಳೆ. ತಾಯಿ ನಂಬಿದ ಹಾಗೆಯೇ ನನ್ನನ್ನು ನಂಬುತ್ತಾಳೆ.