ಇಮ್ಹೋಟೆಪ್ಪನ ಹರಕೆ

ಡಿಕಾಕ್ಷನ್ನಿನ ವಾಸನೆ ಬಂದರೆ ನನಗೆ ನಮ್ಮತ್ತೆ ನೆನಪಾಗುತ್ತಾರೆ. ಅತ್ತೆ ನೆನಪಾದರೆ ಈಜಿಪ್ಟಿನ ಒಬ್ಬ ದೇವರೂ ಹಿಂದೆಯೇ ಬರುತ್ತಾನೆ. ನಗಬೇಡಿ, ಹೇಳುತ್ತೇನೆ. ಇವತ್ತು ಮಗಳು ಅನುವಿಗೆ ಬರ್ಕ್ಲಿಯಲ್ಲಿ ಆಪರೇಷನ್ನು. ಅಳಿಯ ಜೊತೆಗಿದ್ದಾನೆ, ನಾನು ಕಾಫಿ ಲೋಟ ಹಿಡಿದು ಫೋನಿನ ಪಕ್ಕ ಕೂತಿದ್ದೇನೆ. ಯಾರೊಡನಾದರೂ ಮಾತಾಡದಿದ್ದರೆ ಆಗದು.

ಎಂಬತ್ತರ ದಶಕ. ನಾವಾಗ ಬೆರ್ರಿಯೆಸಾ ಎಂಬ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ಬೆನ್ನಿನ ಆಪರೇಷನ್ನಾಗಿ ನನ್ನ ಗಂಡ ಹಾಸಿಗೆ ಹಿಡಿದಿದ್ದರು. ಮತ್ತೆ ನಡೆಯುತ್ತಾರೋ ಇಲ್ಲವೋ, ಡಾಕ್ಟರು ಬಾಯಿ ಬಿಡಲೊಲ್ಲರು. ಮಂಡ್ಯದಿಂದ ಬಂದಿದ್ದ ಅತ್ತೆಯದು ದಿನಾ ಒಂದೇ ಮಾತು: "ನಂಗೊಂದ್ ದೇವಸ್ಥಾನ ತೋರ್ಸು, ಹರಕೆ ಹೊರ್ಬೇಕು." ದೇವಸ್ಥಾನಕ್ಕೆ ಹೋಗಲು ಫ್ರೀವೇ ಹತ್ತಬೇಕು. ನಾನೋ, ಫ್ರೀವೇ ಎಂದರೆ ಕೈಕಾಲು ನಡುಗುವ ವೀರನಾರಿ. ಊರೊಳಗಿನ ರಸ್ತೆಯಲ್ಲೇ ಹೋಗಬಹುದಾದ ಈಜಿಪ್ಟ್ ಮ್ಯೂಸಿಯಮ್ಮಿಗೆ ಕರೆದೊಯ್ದೆ, ಅವರ ಮನಸ್ಸಾದರೂ ಹಗುರವಾಗಲಿ ಎಂದು.

ಅಲ್ಲಿ ಗಾಜಿನ ಪೆಟ್ಟಿಗೆಯಲ್ಲೊಂದು ಕಂಚಿನ ಪುಟ್ಟ ಮೂರ್ತಿ. ಬೋಳುತಲೆ, ತೊಡೆಯ ಮೇಲೆ ಬಿಚ್ಚಿದ ಸುರುಳಿ. ಫಲಕ ಓದಿ ಹೇಳಿದೆ: ಹೆಸರು ಇಮ್ಹೋಟೆಪ್, ರಾಜನಿಗೆ ಕಲ್ಲಿನ ಗೋರಿ ಕಟ್ಟಿಸಿದವನು, ವೈದ್ಯನೂ ಹೌದಂತೆ, ಸತ್ತು ಎಷ್ಟೋ ಕಾಲದ ಮೇಲೆ ಜನ ದೇವರೆಂದು ಪೂಜಿಸಿದರಂತೆ.

"ಡಾಕ್ಟ್ರು, ದೇವ್ರು ಎರಡೂನಾ? ಇನ್ನೇನ್ ಬೇಕು!"

ಅತ್ತೆ ಅಲ್ಲೇ ಕಾರ್ಪೆಟ್ಟಿನ ಮೇಲೆ ಚಪ್ಪಲಿ ಬಿಟ್ಟು ಕೈಮುಗಿದರು. "ಇಮ್ಹೋಟೆಪ್ಪ, ನನ್ ಮಗ ಎದ್ದು ನಡೆಯೋಗಂಟ ಕಾಫಿ ಮುಟ್ಟಲ್ಲ ಕಣಪ್ಪ."

ಆಗಿನ್ನೂ ಪುಟ್ಟವಳಾಗಿದ್ದ ಅನು ಅವರ ಸೆರಗು ಜಗ್ಗಿದಳು. "ಅಜ್ಜಿ, ಹಿ ಈಸ್ ನಾಟ್ ಅವರ್ ಗಾಡ್!"

"ಮನೇಲಿ ಕಾಯ್ಲೆ ಇದ್ದಾಗ ನಮ್ದು ನಿಮ್ದು ಅನ್ಬಾರ್ದು ಕಣವ್ವ."

ಕಾವಲಿನವನು ಬಂದು ಚಪ್ಪಲಿಯತ್ತ ಬೆರಳು ತೋರಿಸಿದ. ಅತ್ತೆ ಕಣ್ಣೇ ತೆರೆಯಲಿಲ್ಲ. ನಾನೇ ಅವನ್ನು ಎತ್ತಿಕೊಂಡು ನಿಂತೆ.

ಕಾಫಿ ಬಿಟ್ಟ ಅತ್ತೆಗೆ ತಲೆನೋವು, ಸಿಡಿಮಿಡಿ. ಹರಕೆ ಹೊತ್ತವರು ಅವರು, ಅನುಭವಿಸಿದವರು ನಾವು. ಕೊನೆಗೊಂದು ದಿನ ಗಂಡ ವಾಕರ್ ಹಿಡಿದು ಅಡಿಗೆಮನೆಯವರೆಗೆ ನಡೆದು ಬಂದರು. ನಾನು ಅಳುತ್ತಲೇ ಫಿಲ್ಟರಿಗೆ ಕೈ ಹಾಕಿದರೆ, "ಮೊದ್ಲು ದೇವ್ರಿಗೆ!" ಎಂದರು ಅತ್ತೆ. ಕಾಫಿಯನ್ನು ಫ್ಲಾಸ್ಕಿಗೆ ತುಂಬಿಕೊಂಡು ಎಲ್ಲರೂ ಹೊರಟೆವು. ಮ್ಯೂಸಿಯಮ್ಮಿನೊಳಗೆ ಕಾಫಿ ಬಿಡುತ್ತಾರೆಯೇ? ಪಾರ್ಕಿಂಗ್ ಲಾಟಿನಲ್ಲೇ ಬಾಗಿಲಿಗೆ ಮುಖ ಮಾಡಿ, ಫ್ಲಾಸ್ಕು ತೋರಿಸಿ, ಕಾರಿಗೊರಗಿ ನಿಂತ ಮಗನನ್ನೂ ತೋರಿಸಿ, ಆಮೇಲೆ ಕುಡಿದರು. ಗುಣವಾದದ್ದು ಔಷಧಿ, ವ್ಯಾಯಾಮದಿಂದ ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ.

ಇಗೋ, ಫೋನು, ಅನುವಿನದೇ. ಇನ್ನೇನು ಒಳಗೆ ಕರೆದೊಯ್ಯುತ್ತಾರಂತೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ನೀನು ಕಾಫಿ ಕುಡಿದ್ಯಾ?"

ಕೈಯಲ್ಲಿದ್ದ ಲೋಟ ಇನ್ನೂ ತುಂಬಿಯೇ ಇತ್ತು. ಎದ್ದು ಹೋಗಿ ಸಿಂಕಿಗೆ ಸುರಿದೆ.

"ಇಲ್ಲ ಕಣೇ. ನೀನು ಎದ್ದು ಬಾ, ಒಟ್ಟಿಗೆ ಕುಡಿಯೋಣ."