ಎ.ಸಿ. ರೂಮಿನಲ್ಲಿ ಒಂದು ಬಕೆಟ್ ನೀರು

ನಮ್ಮ ಮನೆಯ ಗೆಸ್ಟ್ ರೂಮಿನಲ್ಲಿ ಈಗ ಪ್ರತಿ ಗುರುವಾರ ಸಂಜೆಯಿಂದ ಒಂದು ಬಕೆಟ್ ನೀರು ಮಲಗುತ್ತದೆ. ಎ.ಸಿ. ಹದಿನೆಂಟರಲ್ಲಿ, ಬಾಗಿಲು ಭದ್ರ. ಕಂಬಳಿ ಹೊದಿಸುವುದೊಂದು ಬಾಕಿ.

ನಗಬೇಡಿ. ಆಗಸ್ಟ್ ತಿಂಗಳಲ್ಲಿ ಒಮಾನಿಗೆ ಬಂದು ತಣ್ಣೀರು ಹುಡುಕಿ, ಆಮೇಲೆ ಬೇಕಾದರೆ ನಗಿ.

ಆಗಿದ್ದಿಷ್ಟು. ಹೆಂಡತಿ ಶುಭಾಗೆ ಈಗ ಏಳು ತಿಂಗಳು. ಹೋದ ವರ್ಷ ಮೂರನೇ ತಿಂಗಳಲ್ಲೇ ಮಗು ಉಳಿಯಲಿಲ್ಲ. ಅದಕ್ಕೇ ಈ ಸಲ ನಮ್ಮತ್ತೆ ದೇವಿಗೆ ಹರಕೆ ಹೊತ್ತಿದ್ದಾರೆ: ಹೆರಿಗೆಯಾಗುವವರೆಗೆ ಪ್ರತಿ ಶುಕ್ರವಾರ ತಣ್ಣೀರಿನಲ್ಲಿ ತಲೆಗೆ ಸ್ನಾನ, ಆಮೇಲೇ ಪೂಜೆ. ಮೈಸೂರಿನಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಬಾಣಂತನಕ್ಕೆಂದು ಅಲ್ ಖೌದ್‌ನ ನಮ್ಮ ಫ್ಲಾಟಿಗೆ ಬಂದಿಳಿದದ್ದು ಒಂದು ಗುರುವಾರ. ಕೈ ತೊಳೆಯಲು ನೀಲಿ ಗುರುತಿನ ನಲ್ಲಿ ತಿರುಗಿಸಿದವರು 'ಅಯ್ಯಪ್ಪಾ' ಎಂದು ಕೈ ಹಿಂದಕ್ಕೆಳೆದುಕೊಂಡರು.

ತಾರಸಿಯ ಟ್ಯಾಂಕು ಹಗಲೆಲ್ಲ ಬಿಸಿಲಲ್ಲಿ ಕಾದರೆ ಇನ್ನೇನಾಗುತ್ತದೆ? ಅದಕ್ಕೆ ಇಲ್ಲಿಯವರ ಉಪಾಯ ಬೇರೆ. ಬೇಸಿಗೆ ಬಂತೆಂದರೆ ಗೀಸರ್ ಆಫ್. ಮನೆಯೊಳಗಿನ ಎ.ಸಿ. ತಂಪಿಗೆ ಗೀಸರಿನೊಳಗಿನ ನೀರು ತಣ್ಣಗಾಗುತ್ತದೆ. ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿ. (ಹೌದು, ಸರಿಯಾಗಿಯೇ ಓದಿದಿರಿ.) ಇದನ್ನು ಅತ್ತೆಗೆ ಹೆಮ್ಮೆಯಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಗೀಸರಿಂದ ಬಂದ್ಮೇಲೆ ಅದು ಬಿಸಿನೀರೇ ಅಲ್ವಾ ಅಳಿಯಂದಿರೇ? ಸ್ವಿಚ್ ಆಫ್ ಇತ್ತು ಅಂತ ದೇವಿ ಹತ್ರ ವಾದ ಮಾಡಕ್ಕಾಗತ್ತಾ?"

ಐಸ್ ಹಾಕೋಣವೆಂದೆ. ಫ್ರಿಜ್ಜಿನಲ್ಲಿ ನಾನಿಟ್ಟ ಮೊಟ್ಟೆಗಳಿದ್ದವು, ಮಡಿಗೆ ಆಗದು. ಬಿಲ್ಡಿಂಗ್ ವಾಚ್‌ಮನ್‌ನನ್ನು ಕೇಳಿದೆ. ಅಕ್ಟೋಬರ್ ತನಕ ಠಂಡಾ ಪಾನಿ ಖಲಾಸ್ ಸಾಬ್ ಎಂದು ಕೈಯಲ್ಲಾಡಿಸಿಬಿಟ್ಟ. ಶುಭಾ ರೇಗಿದಳು, ಹರಕೆಯನ್ನು ಊರಿಗೆ ಹೋದ ಮೇಲೆ ತೀರಿಸಿದರಾಯಿತು ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಹರಕೆಯಲ್ಲಿ ನಂಬಿಕೆಯಿಲ್ಲ. ಆದರೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ಮರೆತಿಲ್ಲ. ಹೆದರಿದೆ, ಸುಳ್ಳೇಕೆ ಹೇಳಲಿ?

ಹೀಗೆ ಬಕೆಟ್ಟು ಗೆಸ್ಟ್ ರೂಮು ಸೇರಿತು. ಇಲ್ಲಿ ನಲ್ಲಿಗೆ ಬರುವುದು ಸಮುದ್ರದ ನೀರೇ; ಅದರ ಉಪ್ಪು ತೆಗೆಯಲು ಒಂದಷ್ಟು ಶಕ್ತಿ ಖರ್ಚು, ತಾರಸಿಗೆ ಏರಿಸಲು ಇನ್ನೊಂದಷ್ಟು. ಅಲ್ಲಿ ಸೂರ್ಯ ಪುಕ್ಕಟೆ ಕಾಯಿಸಿಕೊಟ್ಟಿದ್ದನ್ನು ನಾನು ಮತ್ತೆ ಎ.ಸಿ. ಹಾಕಿ ತಣಿಸಬೇಕು. ಆ ಎ.ಸಿ.ಗೆ ಕರೆಂಟು ಬಹುಪಾಲು ಇಲ್ಲಿನ ಗ್ಯಾಸ್ ಸುಟ್ಟೇ ಬರುವುದು. ಸೋಲಾರ್ ಬರುತ್ತಿದೆ, ಮರುಭೂಮಿಯಲ್ಲಿ ಸಾಲುಸಾಲು ಫಲಕ ಹಾಸುತ್ತಿದ್ದಾರೆ. ನಮ್ಮ ಬಕೆಟ್ಟಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ನನ್ನ ನೌಕರಿಯೇ ಅದು ಸ್ವಾಮಿ! ಎಣ್ಣೆ ತೆಗೆಯುವ ಕಂಪನಿಯಲ್ಲಿ ಹೊಗೆಯ ಲೆಕ್ಕ ಬರೆಯುವುದು. ಯಾವ ಬಾವಿ, ಯಾವ ಪಂಪು ಎಷ್ಟು ಹೊಗೆ ಬಿಟ್ಟಿತು, ಅದು ಯಾರ ಲೆಕ್ಕಕ್ಕೆ ಹೋಗಬೇಕು ಎಂದು ನೋಡುವುದು. ಅದೇ ಗುರುವಾರ ಬೆಳಿಗ್ಗೆ ಆಫೀಸಿನಲ್ಲಿ 'ಮನೆಯಲ್ಲಿ ಎ.ಸಿ. ಇಪ್ಪತ್ತನಾಲ್ಕಕ್ಕಿಂತ ಇಳಿಸಬೇಡಿ' ಎಂದು ಪ್ರೆಸೆಂಟೇಶನ್ ಕೊಟ್ಟು ಬಂದಿದ್ದೆ. ಮೀಟಿಂಗ್ ಹಾಲಿನ ಎ.ಸಿ. ಎಷ್ಟು ಕೊರೆಯುತ್ತಿತ್ತೆಂದರೆ ಮುಂದಿನ ಸಾಲಿನವರು ಶಾಲು ಹೊದ್ದು ಚಪ್ಪಾಳೆ ತಟ್ಟಿದರು.

ಶುಕ್ರವಾರ ಬೆಳಿಗ್ಗೆ ಅತ್ತೆ ಆ ನೀರನ್ನು ತಲೆಗೆ ಸುರಿದುಕೊಂಡು, ಹಲ್ಲು ಕಟಕಟ ಎನ್ನಿಸುತ್ತಲೇ ಪೂಜೆ ಮುಗಿಸಿದರು. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟರು. ಒಳಗಿನಿಂದ ಒಂದು ಒದೆ ಬಿತ್ತು. ಅತ್ತೆಯ ಮುಖ ನೋಡಬೇಕಿತ್ತು ನೀವು. ನನ್ನ ಕಣ್ಣೂ ತುಂಬಿತು.

ಆಮೇಲೆ ಸ್ವೆಟರ್ ಹಾಕಿಕೊಂಡು, ಪಾದ ಜುಮ್ ಅನ್ನುತ್ತಿದೆ, ಸ್ವಲ್ಪ ಬಿಸಿನೀರು ಕೊಡಿ ಎಂದರು. ನಾನು ಗಡಿಬಿಡಿಯಲ್ಲಿ ಗೀಸರ್ ಸ್ವಿಚ್ಚಿಗೆ ಕೈ ಹಾಕಿದೆ.

"ರೀ, ನೀಲಿ ನಲ್ಲಿ ಬಿಡ್ರೀ," ಎಂದಳು ಶುಭಾ.

ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ಬಕೆಟ್ಟಿಗೂ. ಲೆಕ್ಕ ಬರೆಯುವವನು ನಾನೇ ತಾನೆ, ಆದರೂ ನೀವೇ ಹೇಳಿ: ಈ ಎ.ಸಿ.ಯ ಹೊಗೆಯನ್ನು ದೇವಿಯ ಹೆಸರಿಗೆ ಬರೆಯಲೋ, ಹುಟ್ಟಲಿರುವ ನನ್ನ ಮಗುವಿನ ಹೆಸರಿಗೋ?