ಹುಳುವಾದರೂ ಓದಲಿ

ಹೋದ ತಿಂಗಳು ಹಳೆಯ ಹುಳುಮನೆ ಕೆಡವಿಸಿದೆ. ಅಟ್ಟದ ಮೇಲೆ ಒಂದೇ ಒಂದು ಬಿದಿರ ತಟ್ಟೆ ಉಳಿದಿತ್ತು, ನಾವು ರೇಷ್ಮೆ ಹುಳು ಸಾಕುತ್ತಿದ್ದ ಕಾಲದ್ದು. ಕೆಳಗಿಳಿಸಿ ಕೊಡವಿದಾಗ ಒಣಗಿದ ಸಗಣಿ, ಹಳೆಯ ಸೊಪ್ಪು ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ತಟ್ಟೆಯ ತಳಕ್ಕೆ ಒಂದು ಹಾಳೆ ಅಂಟಿಕೊಂಡಿತ್ತು. ನೀಲಿ ಮಸಿ ಕಂದಿತ್ತು. ಅಕ್ಷರ ಕನ್ನಡದ್ದಲ್ಲ, ತೆಲುಗಿನದಲ್ಲ, ಉರ್ದುವೂ ಅಲ್ಲ. ಒಂದೊಂದು ಪದವೂ ಕೈ ಎತ್ತದೆ ಎಳೆದ ಒಂದೊಂದೇ ಗೆರೆ...

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುವ ಮೊಮ್ಮಗಳು ಹಾಳೆ ತೆಗೆದುಕೊಂಡು ನೋಡಿದಳು. "ತಾತ, ಇದ್ಯಾರೋ ಸ್ವಂತವಾಗಿ ಮಾಡಿರೋ ಲಿಪಿ ಥರ ಇದೆ. ಈಗ ಎಷ್ಟೊಂದು ಜನ ಹಾಬಿಗೆ ಮಾಡ್ತಾರೆ ಗೊತ್ತಾ? ಭಾಷೇನೂ ಅವ್ರೇ ಮಾಡ್ಕೊತಾರೆ" ಎಂದು ಫೋನಿನಲ್ಲಿ ತೋರಿಸಿದಳು. ಯಾವುದೋ ದೇಶದ ಹುಡುಗನೊಬ್ಬ ತಾನು ಕಟ್ಟಿದ ಅಕ್ಷರಗಳನ್ನು ತೋರಿಸಿ ನಗುತ್ತಿದ್ದ. ಕೆಳಗೆ ಜನ ಸಾಲುಸಾಲಾಗಿ ಭೇಷ್ ಅಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. "ತೆಗಿಯಮ್ಮ ಅದನ್ನ!" ಎಂದು ಕೂಗಿದೆ. ಹುಡುಗಿ ಬೆಚ್ಚಿಬಿದ್ದಳು. ಸಿಟ್ಟು ಅವಳ ಮೇಲಲ್ಲ. ಇದೇ ಕೆಲಸ ಮಾಡಿದ ಒಬ್ಬ ಮನುಷ್ಯನನ್ನು ನಮ್ಮೂರು ಏನು ಮಾಡಿತು, ನಾನೇನು ಮಾಡಿದೆ ಎನ್ನುವುದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದ್ದೇನೆ, ಮಕ್ಕಳ ಮದುವೆ ಮಾಡಿದ್ದೇನೆ. ಹೈಸ್ಕೂಲಿನ ತನಕ ಓದಿದವನು ನಾನು. ಬಂದಷ್ಟು ಬರೆಯುತ್ತೇನೆ.

ಮಂಡಿಕಲ್ ಹೋಬಳಿಯ ನಮ್ಮ ಊರಿಗೆ ಆಗ ಇದ್ದದ್ದು ಒಂದೇ ಹಿಟ್ಟಿನ ಮಿಲ್ಲು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಮಿಲ್ಲಣ್ಣ ಅನ್ನುತ್ತಿದ್ದೆವು. ಗೌರಿಬಿದನೂರಿನ ಕಡೆಯವರು. ಮನೆಯಲ್ಲಿ ತೆಲುಗು, ಕಲಿತದ್ದು ಕನ್ನಡ. ಒಂಟಿ ಮನುಷ್ಯ. ರೆಪ್ಪೆಯ ತನಕ ರಾಗಿ ಹಿಟ್ಟು ಕೂತಿರುತ್ತಿತ್ತು. ನಾನು ಕಾಳು ಹೊತ್ತುಕೊಂಡು ಹೋದಾಗೆಲ್ಲ ಅವರು ತಗಡಿನ ಮೇಲೆ ಬಿದ್ದ ಹಿಟ್ಟಿನಲ್ಲಿ ಬೆರಳಿಂದ ಏನೋ ಎಳೆಯುತ್ತಿದ್ದರು.

"ಏನಣ್ಣ ಇದು, ಅರಬ್ಬೀನಾ?" ಎಂದು ಒಂದು ದಿನ ಕೇಳಿದೆ.

"ಯಾರ್ದೂ ಅಲ್ಲಪ್ಪ. ನಾನೇ ಕಟ್ತಿರೋದು."

"ಇರೋ ಭಾಷೆ ಸಾಲ್ದಾ ನಿಂಗೆ?"

"ನೀನು ಅರಳಿಕಟ್ಟೇಲಿ ಕೂತ್ಕೊಂಡು ಚೌಕಾಬಾರ ಆಡ್ತೀಯಲ್ಲ, ಯಾತಕ್ಕೆ? ಇದೂ ಹಂಗೇ. ಖುಷಿಗೆ."

ಅವರ ಭಾಷೆ ಮಿಲ್ಲಿನ ಸದ್ದಿನಲ್ಲಿ ಹುಟ್ಟಿತ್ತು. ಯಂತ್ರ ಓಡುವಾಗ ಮಾತು ಕೇಳಿಸುವುದಿಲ್ಲ, ತುಟಿ ಮಾತ್ರ ಕಾಣಿಸುತ್ತದೆ. ಅದಕ್ಕೇ ಅವರು ತುಟಿ ಕೂಡಿಸಿ ಆಡುವ ಸದ್ದುಗಳನ್ನೇ ಹೆಚ್ಚು ಆರಿಸಿಕೊಂಡಿದ್ದರು. ಹಿಟ್ಟಿನಿಂದ ಬೆರಳೆತ್ತಿ ಮತ್ತೆ ಇಟ್ಟರೆ ಗೆರೆ ಕುಸಿಯುತ್ತದೆ. ಅದಕ್ಕೇ ಪದ ಮುಗಿಯುವ ತನಕ ಕೈ ಎತ್ತುವಂತಿಲ್ಲ. ಆಮೇಲೆ ಪುಸ್ತಕದಲ್ಲಿ ಮಸಿಯಿಂದ ಬರೆಯುವಾಗಲೂ ಅದೇ ಕಟ್ಟಳೆ. ಉದ್ದ ನೋಟ್‌ಬುಕ್ಕುಗಳು ಆರೋ ಏಳೋ ಇದ್ದವು. ಒಂದರ ತುಂಬ ಪದಗಳು, ಎದುರಿಗೆ ಕನ್ನಡದಲ್ಲಿ ಅರ್ಥ. ಮೋಬು ಅಂದರೆ ಆಗತಾನೆ ಬೀಸಿ ಬಂದ ಹಿಟ್ಟಿನ ಬಿಸಿ. ನಮ್ಮ ಕನ್ನಡದಲ್ಲಿ ಅದಕ್ಕೊಂದು ಪದವೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದೇ ಆವತ್ತು.

ಹುಳು ಸಾಕುವವರಿಗೆ ಗೊತ್ತು, ಮರಿ ದೊಡ್ಡದಾಗುವಷ್ಟರಲ್ಲಿ ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ನಿಂತು, ಚರ್ಮ ಬಿಡುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ಮೇಯುವ ಸದ್ದು ನಿಂತು ಇಡೀ ಮನೆ ಮೌನವಾಗುತ್ತದಲ್ಲ, ಅದರ ಬಗ್ಗೆ ಅವರಿಗೆ ಹೇಳಿದೆ. ಎರಡು ದಿನ ಬಿಟ್ಟು ಕರೆದು, "ನಿನ್ನ ಮೌನಕ್ಕೆ ಒಂದು ಪದ ಮಾಡಿದೀನಿ. ಪಿವಮ್. ಸರಿಯಾಯ್ತಾ ನೋಡು" ಅಂದರು. ನನಗಾಗಿ ಯಾರಾದರೂ ಏನನ್ನಾದರೂ ಹೀಗೆ ಮಾಡಿದ್ದು ಅದೇ ಮೊದಲು. ಆಮೇಲೆ ಒಂದು ವರ್ಷ ನಾನು ಅವರ ಅಕ್ಷರ ಕಲಿತೆ. ನಿಧಾನವಾಗಿ ಓದಲು ಬರುತ್ತಿತ್ತು. ಊರಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ತಟ್ಟೆಗೆ ಸಗಣಿ ಸಾರಿಸಿ, ಒಣಗಿಸಿ, ಮೇಲೆ ಹಳೆಯ ಪೇಪರ್ ಹಾಸಿ ಹುಳು ಬಿಡುವುದು ನಮ್ಮ ಪದ್ಧತಿ. ಆ ಸಲದ ಹುಳುವಿನ ಬೆಳೆಗೆ ಪೇಪರ್ ಸಾಲಲಿಲ್ಲ. ಮಿಲ್ಲಣ್ಣ ತಿದ್ದಿ ಬಿಸಾಡಿದ ಹಾಳೆಗಳ ಒಂದು ಕಟ್ಟು ಮಿಲ್ಲಿನ ಮೂಲೆಯಲ್ಲಿತ್ತು. ಕೇಳಿದೆ. "ತಗೊಂಡೋಗಪ್ಪ, ಹುಳಾನಾದ್ರೂ ಓದ್ಲಿ" ಎಂದು ನಕ್ಕರು. ನಾನೂ ನಕ್ಕೆ.

ನಾಲ್ಕನೇ ಜ್ವರ ಎದ್ದು ಹುಳು ಹಸಿದಿದ್ದ ದಿನವೇ ನಾನು ಟೊಮೆಟೊಗೆ ಔಷಧಿ ಹೊಡೆದಿದ್ದೆ. ಆ ತೋಟದ ಬದುವಿಗೆ ಅಂಟಿಕೊಂಡ ಸಾಲಿನಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದೆ. "ಆ ಸಾಲಿಂದು ಬೇಡ ಕಣ್ರೀ, ಗಾಳಿ ಇತ್ತು" ಎಂದು ಹೆಂಡತಿ ಹೇಳಿದಳು. ಕೇಳಲಿಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಸೊಪ್ಪು ಮುಗಿದಿತ್ತು. ಅವರಿಗೂ ಎರಡು ಹೊರೆ ಕೊಟ್ಟು ದೊಡ್ಡಸ್ತಿಕೆ ಮೆರೆದೆ. ಬೆಳಗಾಗುವಷ್ಟರಲ್ಲಿ ಎರಡೂ ಮನೆಯ ಹುಳು ಹಸಿರು ಕಕ್ಕಿಕೊಂಡು ನುಲಿದು ಸತ್ತಿದ್ದವು. ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಇದು ರೋಗವಲ್ಲ, ಔಷಧಿ. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಶುದ್ಧ ಸುಳ್ಳು.

ದೊಡ್ಡಪ್ಪ ಮಕ್ಕಳನ್ನು ಕರೆದುಕೊಂಡು ನಮ್ಮ ಹುಳುಮನೆಗೆ ಬಂದರು. ಸೊಪ್ಪಿನ ಮಾತು ಬರುತ್ತದೆ ಎಂದುಕೊಂಡೆ. ಅವರ ಕಣ್ಣು ಸತ್ತ ಹುಳುವಿನ ಕೆಳಗಿದ್ದ ಹಾಳೆಯ ಮೇಲೆ ಬಿತ್ತು.

"ಇದೇನೋ ಇದು ಬರವಣಿಗೆ?"

ಹುಳುಮನೆಗೆ ಹೊರಗಿನವರ ನೆರಳು ಬಿದ್ದರೂ ಸಹಿಸದ ಊರು ನಮ್ಮದು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದೆ, ಬೇರೆಯದು. "ಮಿಲ್ಲಣ್ಣ ಕೊಟ್ಟಿದ್ದು ದೊಡ್ಡಪ್ಪ. ಹುಳಾನಾದ್ರೂ ಓದ್ಲಿ ಅಂದಿದ್ದ."

ಮಿಲ್ಲಣ್ಣನ ತಮಾಷೆಯನ್ನೇ ಅವರ ಕೊರಳಿಗೆ ಕಟ್ಟಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಅಷ್ಟು ಹೊಲಸು.

"ಮಾಟ ಮಾಡವ್ನೆ ಬೇವರ್ಸಿ" ಎಂದು ದೊಡ್ಡಪ್ಪನ ಹಿರಿಮಗ ಹೊರಟ. ಮಿಲ್ಲಿನ ಮುಂದೆ ಸೇರಿದವರಲ್ಲಿ ಅರ್ಧ ಜನ ಆ ಬೆಳಿಗ್ಗೆಯೇ ಅವರ ಕೈಲಿ ಹಿಟ್ಟು ಹಾಕಿಸಿಕೊಂಡವರು. ಯಂತ್ರ ನಿಲ್ಲಿಸಿ, ಡಬ್ಬ ಬೀಳಿಸಿ, ನೋಟ್‌ಬುಕ್ಕುಗಳನ್ನೆಲ್ಲ ಬೀದಿಗೆ ತಂದು ಹಾಕಿದರು. ಮಿಲ್ಲಣ್ಣನ ಅಂಗಿ ಹರಿದಿತ್ತು. ಅವರು ಗುಂಪಿನಲ್ಲಿ ಹುಡುಕಿ ನನ್ನನ್ನು ನೋಡಿದರು. ಒಂದು ಪುಸ್ತಕ ಎತ್ತಿ ನನ್ನ ಕಡೆ ಚಾಚಿದರು.

"ನಿಂಗೆ ಬರ್ತದಲ್ಲಪ್ಪ. ಯಾವ ಹಾಳೆ ಆದ್ರೂ ಸರಿ, ಓದಿ ಹೇಳು ಇವ್ರಿಗೆ. ಹಿಟ್ಟಿಂದು, ಹುಳಾಂದು ಬಿಟ್ರೆ ಇನ್ನೇನಿದೆ ಇದ್ರಲ್ಲಿ?"

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಪ್ಪ, "ಏನೋ, ನಿಂಗೆ ಓದಕ್ಕೆ ಬರ್ತದಾ?" ಅಂದರು. ಬರುತ್ತದೆ ಅಂದರೆ ಮಾಟದಲ್ಲಿ ನಾನೂ ಪಾಲುದಾರ. ಮಾಟ ಅಲ್ಲ ಅಂದರೆ ಮುಂದಿನ ಪ್ರಶ್ನೆ ಸೊಪ್ಪಿನದು.

"ನಂಗೇನು ಗೊತ್ತು?" ಅಂದೆ. "ನಂಗೆ ಬರಲ್ಲ."

ಪುಸ್ತಕ ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು... ದೊಡ್ಡಪ್ಪನ ಹಿರಿಮಗ ಅದನ್ನು ಕಿತ್ತುಕೊಂಡ. ಸೀಮೆಎಣ್ಣೆಯನ್ನು ಮಿಲ್ಲಿನೊಳಗಿಂದಲೇ ತಂದರು. ಮಟಮಟ ಮಧ್ಯಾಹ್ನ, ಇಡೀ ಊರಿನ ಎದುರಿಗೆ ಸುಟ್ಟರು. ಅರ್ಥ ಬರೆದಿದ್ದ ಪುಸ್ತಕ ದಪ್ಪವಿತ್ತು, ಬೇಗ ಉರಿಯಲಿಲ್ಲ. ಕೋಲಿನಿಂದ ತಿರುವಿ ತಿರುವಿ ಸುಟ್ಟರು. ಆ ಕೋಲು ಒಂದು ಸಲ ನನ್ನ ಕೈಗೂ ಬಂತು. ತಿರುವಿದೆ.

ವಾರದೊಳಗೆ ಮಿಲ್ಲಿಗೆ ಬೀಗ ಬಿತ್ತು. ಅವರು ಹೊರಟದ್ದನ್ನು ನಾನು ನೋಡಲಿಲ್ಲ. ನೋಡಬಾರದೆಂದೇ ಆವತ್ತು ಶಿಡ್ಲಘಟ್ಟಕ್ಕೆ ಹೋಗಿ ಸುಮ್ಮನೆ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅಲೆದೆ. ಊರಿನವರು ರಾಗಿ ಹೊತ್ತು ಮಂಡಿಕಲ್ಲಿಗೆ ನಡೆದರು. ಬೆನ್ನು ನೋಯುತ್ತದೆ ಎಂದು ಗೊಣಗಿದರೇ ಹೊರತು ತಪ್ಪು ಮಾಡಿದೆವು ಎಂದು ಒಬ್ಬ ನನ್ಮಗನೂ ಅನ್ನಲಿಲ್ಲ. ಈಗ ಅದನ್ನು ತಮಾಷೆಯ ಕಥೆ ಮಾಡಿಕೊಂಡಿದ್ದಾರೆ. ಮೊನ್ನೆ ಮದುವೆ ಮನೆಯಲ್ಲಿ ದೊಡ್ಡಪ್ಪನ ಹಿರಿಮಗ ಎಲೆ ಅಡಿಕೆ ಹಾಕಿಕೊಂಡು, "ಪಾಪ, ಲೂಸು ನನ್ಮಗ, ಏನೋ ಗೀಚ್ಕೊಂಡಿದ್ದ" ಎಂದು ನಕ್ಕ. ಸುತ್ತ ಇದ್ದವರೂ ನಕ್ಕರು. ಅವನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲು ನನಗೆ ಯಾವ ಮುಖವಿದೆ? ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಒಮ್ಮೆ ಗೌರಿಬಿದನೂರಿಗೆ ಹೋದೆ, ಮಿಲ್ಲಣ್ಣನ ಕಾಲು ಹಿಡಿಯಬೇಕೆಂದು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಟೀ ಕುಡಿದು, ಅದೇ ಬಸ್ಸಿಗೆ ವಾಪಸ್ಸು ಬಂದೆ. ಬಹಳ ವರ್ಷಗಳ ಮೇಲೆ ಅವರ ಕಡೆಯವರೊಬ್ಬರು ಸಿಕ್ಕಿ, ಅವರು ತೀರಿಹೋದರೆಂದೂ ಕಡೆಯ ತನಕ ಯಾರದೋ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡಿದರೆಂದೂ ಹೇಳಿದರು.

"ಏನಾದ್ರೂ ಬರೀತಿದ್ರಾ?" ಎಂದು ಕೇಳಿದೆ.

"ಬರೆಯೋದಾ? ಏನನ್ನ?" ಅಂದರು ಅವರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, "ಆ ಸಾಲಿಂದು ಬೇಡ ಅಂದಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಹುಡುಗಿ ನನ್ನನ್ನು ಸಮಾಧಾನ ಮಾಡಲಿಲ್ಲ. ಒಳ್ಳೆಯದೇ ಆಯಿತು. ಹಾಳೆಯನ್ನು ನನ್ನ ಮುಂದೆ ಹಿಡಿದು, "ಓದು ತಾತ" ಅಂದಳು.

ಕೆಡವಿದ ಹುಳುಮನೆಯ ಮಣ್ಣಿನ ಮೇಲೆ ನಿಂತು, ಆವತ್ತು ಓದಬೇಕಾಗಿದ್ದ ದನಿಯಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ನೋಡಲಿ. ಮೋಬು ಸಿಕ್ಕಿತು. ಎರಡನೇ ಸಾಲಿನಲ್ಲಿ ಪಿವಮ್ ಸಿಕ್ಕಿತು. ನನ್ನ ಪದ. ಉಳಿದವನ್ನು ತಡವರಿಸಿಕೊಂಡು ಸದ್ದು ಮಾಡಿ ಹೇಳಬಲ್ಲೆ, ಅಷ್ಟೇ.

"ಅರ್ಥ ಏನು ತಾತ?"

ಅರ್ಥ ಇದ್ದ ಪುಸ್ತಕವನ್ನು ನಾನು ಕೋಲಿನಿಂದ ತಿರುವಿದ್ದೆ. "ನಂಗೆ ಬರಲ್ಲಮ್ಮ" ಅಂದೆ. ಈ ಸಲ ಅದು ನಿಜ.